ಮೈಸೂರು ಮುಗಿಸೋಕೆ ಹೋದವನ ಭಾನುವಾರ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಎರಡು ರಾತ್ರಿಯ ಮೈಸೂರು ಪ್ರವಾಸಕ್ಕೆ ನಾನು ಸ್ಪ್ರೆಡ್‌ಶೀಟ್ ಮಾಡಿದ್ದೆ. ಒಂದು ಕಾಲಮ್ಮಿನಲ್ಲಿ ಜಾಗದ ಹೆಸರು, ಇನ್ನೊಂದರಲ್ಲಿ ಎಷ್ಟು ಹೊತ್ತು, ಮತ್ತೊಂದರಲ್ಲಿ ಅಲ್ಲಿಂದ ಮುಂದಿನ ಜಾಗಕ್ಕೆ ಎಷ್ಟು ನಿಮಿಷ. ಕೊನೆಯ ಕಾಲಮ್ಮಿಗೆ ‘ಬಫರ್’ ಅಂತ ಹೆಸರು ಕೊಟ್ಟು, ಪ್ರತಿ ಜಾಗಕ್ಕೂ ಹತ್ತು ಹತ್ತು ನಿಮಿಷ ಉದಾರವಾಗಿ ಬಿಟ್ಟಿದ್ದೆ. ಆಫೀಸಿನಲ್ಲಿ ಯಾವ ಪ್ರಾಜೆಕ್ಟಿಗೂ ನಾನು ಇಷ್ಟು ನೀಟಾಗಿ ಪ್ಲಾನ್ ಮಾಡಿದ್ದಿಲ್ಲ. ಹೆಂಡತಿಗೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಒಂದು ಹೆಬ್ಬೆರಳು ಬಂತು, ಅಷ್ಟೇ. ಆ ಹೆಬ್ಬೆರಳಿನ ಅರ್ಥ ನನಗೆ ಆಗಲೇ ಗೊತ್ತಾಗಬೇಕಿತ್ತು.

ನಮ್ಮ ಟೀಮ್‌ನಲ್ಲಿ ನಾಲ್ಕು ಜನ. ಐದು ವರ್ಷದ ಪುಟ್ಟಿ, ಎರಡೂವರೆ ವರ್ಷದ ಚಿನ್ನು, ಅವರಮ್ಮ, ಮತ್ತೆ ನಾನು. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ರೈಲು, ಸೋಮವಾರ ಬೆಳಗ್ಗೆ ವಾಪಸ್. ಸೋಮವಾರಕ್ಕೆ ಒಂದು ಲೀವ್ ಹಾಕಿದ್ದೆ. ಹೋಟೆಲ್ಲು ಮೈಸೂರು ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ, ಯಾದವಗಿರಿ ಕಡೆ. ಇಡೀ ಪ್ಲಾನಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಅದನ್ನೂ ರೇಟ್ ನೋಡಿ ಮಾಡಿದ್ದು, ಬುದ್ಧಿ ಉಪಯೋಗಿಸಿ ಅಲ್ಲ.

ಶನಿವಾರದ ಕಥೆ ಬೇಗ ಹೇಳಿ ಮುಗಿಸ್ತೀನಿ, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ. ಶೀಟಿನ ಪ್ರಕಾರ ಹತ್ತೂವರೆಗೆ ಅರಮನೆ, ಹನ್ನೆರಡೂವರೆಗೆ ಝೂ, ನಾಲ್ಕಕ್ಕೆ ಚಾಮುಂಡಿ ಬೆಟ್ಟ, ಏಳಕ್ಕೆ ಕೆಆರ್‌ಎಸ್ ಬೃಂದಾವನ. ಅರಮನೆಯಲ್ಲಿ ಚಪ್ಪಲಿ ಬಿಡಿಸಿ, ಜನರ ಕಾಲುಗಳ ಕಾಡಿನ ಮಧ್ಯೆ ಮಕ್ಕಳನ್ನು ಎಳೆದುಕೊಂಡು ಹೋಗಿದ್ದಾಯ್ತು. ದರ್ಬಾರ್ ಹಾಲ್‌ನಲ್ಲಿ ನಾವೆಲ್ಲ ಕತ್ತೆತ್ತಿ ಬಣ್ಣದ ಗಾಜು ನೋಡ್ತಿದ್ರೆ, ಮೂರಡಿ ಎತ್ತರದ ಪುಟ್ಟಿಗೆ ಕಾಣ್ತಿದ್ದದ್ದು ಮುಂದಿನ ಅಂಕಲ್‌ನ ಬೆಲ್ಟು. ಝೂಗೆ ಬಂದಾಗ ನೆತ್ತಿ ಮೇಲೆ ಬಿಸಿಲು. ಬಾಗಿಲ ಹತ್ತಿರವೇ ಜಿರಾಫೆ. ಪುಟ್ಟಿ ಅಲ್ಲಿ ನಿಂತವಳು ಅಲ್ಲಾಡಲಿಲ್ಲ. ಅದು ಮರದ ಮೇಲಿನಿಂದ ಎಲೆ ಎಳೆಯೋದು, ನೀಲಿ ನಾಲಿಗೆ ಹೊರಗೆ ಹಾಕೋದು, ನಿಧಾನಕ್ಕೆ ಅಗಿಯೋದು. ಅವಳಿಗೆ ಅಷ್ಟೇ ಸಾಕಾಗಿತ್ತು. ನನ್ನ ಶೀಟಿನಲ್ಲಿ ಇಡೀ ಝೂಗೆ ತೊಂಬತ್ತು ನಿಮಿಷ. 157 ಎಕರೆಯ ಝೂ ಅದು, ಸುತ್ತಿ ಬರೋದು ಅಂದ್ರೆ ಮೂರು ಕಿಲೋಮೀಟರ್ ಆಸುಪಾಸು ನಡಿಗೆ. ‘ಬಾ, ಮುಂದೆ ಹುಲಿ ಇದೆ, ಆನೆ ಇದೆ, ಗೊರಿಲ್ಲಾ ಇದೆ’ ಅಂತ ಎಳೆದೆ. ಎಳೆದಿದ್ದು ಮಾತಿನಲ್ಲಿ ಅಲ್ಲ, ಕೈ ಹಿಡಿದು.

ಹುಲಿ ಮಲಗಿತ್ತು. ಎರಡು ಗಂಟೆ ಹೊತ್ತಿಗೆ ಚಿನ್ನು ನಿದ್ದೆ ಇಲ್ಲದೆ ಹಠ ಹಿಡಿದ. ಹೊರಗೆ ಬರುವ ದಾರಿಯಲ್ಲಿ ಪುಟ್ಟಿ ‘ಕಾಲು ನೋವು, ನಾನು ಬರಲ್ಲ’ ಅಂತ ನೆಲದ ಮೇಲೆ ಕೂತುಬಿಟ್ಟಳು. ಅಲ್ಲಿ ನಾನು ಕಿರುಚಿದೆ. ಸುತ್ತ ಇದ್ದವರೆಲ್ಲ ತಿರುಗಿ ನೋಡುವಷ್ಟು. ‘ನಿನಗೋಸ್ಕರ ತಾನೇ ಇಷ್ಟು ದುಡ್ಡು ಖರ್ಚು ಮಾಡಿ ಬಂದಿರೋದು!’ ಅಂದೆ. ಐದು ವರ್ಷದ ಮಗುವಿಗೆ. ಅವಳು ಅಳಲಿಲ್ಲ. ಎದ್ದು, ಅಮ್ಮನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತಳು. ಅತ್ತಿದ್ರೆ ಚೆನ್ನಾಗಿರ್ತಿತ್ತು.

ಬೆಟ್ಟದ ತಿರುವಿನಲ್ಲಿ ಚಿನ್ನು ಕ್ಯಾಬ್‌ನೊಳಗೆ ವಾಂತಿ ಮಾಡಿದ. ಬೃಂದಾವನ ಹಾಗೇ ಉಳಿಯಿತು.

ರಾತ್ರಿ ಲೈಟ್ ಆರಿಸಿದ ಮೇಲೆ ನಾನು ನಿದ್ದೆ ಬಂದವನ ಹಾಗೆ ಮಲಗಿದ್ದೆ. ಪುಟ್ಟಿ ಅವರಮ್ಮನ ಹತ್ತಿರ ಪಿಸುಗುಟ್ಟಿದ್ದು ಕೇಳಿಸ್ತು. ‘ನಾಳೆ ಅಪ್ಪ ರೂಮಲ್ಲೇ ಇರಲಿ ಅಮ್ಮ. ನಾವು ಮೂರು ಜನ ಹೋಗೋಣ.’

ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಬಾಲ್ಕನಿಯಲ್ಲಿ ನಿಂತ್ವಿ. ಜಗಳ ಆಗುತ್ತೆ ಅಂದುಕೊಂಡಿದ್ದೆ. ಅವಳು ಜಗಳ ಮಾಡಲಿಲ್ಲ. ‘ನೀನು ಮಕ್ಕಳಿಗೆ ಮೈಸೂರು ತೋರಿಸ್ತಿಲ್ಲ, ಮೈಸೂರು ಮುಗಿಸ್ತಿದೀಯ’ ಅಂದಳು. ಆಮೇಲೆ, ‘ಆ ಶೀಟ್ ಡಿಲೀಟ್ ಮಾಡಬೇಡ, ಇರಲಿ, ಮುಂದೆ ನಗೋಕೆ ಬೇಕಾಗುತ್ತೆ’ ಅಂತ ಸೇರಿಸಿದಳು.

ಅಂದು ರಾತ್ರಿ ನಿದ್ದೆ ಬರದೆ ಯೋಚನೆ ಮಾಡಿದಾಗ ಒಂದು ವಿಷಯ ಹೊಳೆಯಿತು. ನನ್ನ ಆ ಪ್ಲಾನು ನಂದಲ್ಲವೇ ಅಲ್ಲ. ಅದು ನಮ್ಮ ಹೈಸ್ಕೂಲಿನ ಶೈಕ್ಷಣಿಕ ಪ್ರವಾಸದ ಪ್ಲಾನು! ನೀವೂ ಹೋಗಿರ್ತೀರಿ. ಬೆಳಗಿನ ಜಾವ ನಾಲ್ಕಕ್ಕೆ ಶಾಲೆ ಮುಂದೆ ಕೆಎಸ್‌ಆರ್‌ಟಿಸಿ ಬಸ್ಸು, ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬರಿ, ಅಂತ್ಯಾಕ್ಷರಿ, ಯಾರಾದರೊಬ್ಬರ ವಾಂತಿ. ಶ್ರೀರಂಗಪಟ್ಟಣದಲ್ಲಿ ಇಳಿದು ಗುಂಬಜ್, ಅಲ್ಲಿಂದ ಝೂ, ಅರಮನೆ, ಬೆಟ್ಟದ ಮೇಲೆ ಮಹಿಷಾಸುರನ ಮುಂದೆ ಗ್ರೂಪ್ ಫೋಟೋ, ಕತ್ತಲಾಗುವಾಗ ಕೆಆರ್‌ಎಸ್‌ನಲ್ಲಿ ಕಾರಂಜಿ. ಮೇಷ್ಟ್ರು ಬಸ್ ಬಾಗಿಲಲ್ಲಿ ನಿಂತು ತಲೆ ಎಣಿಸ್ತಾ ‘ಇಪ್ಪತ್ತು ನಿಮಿಷ, ಇಪ್ಪತ್ತೇ ನಿಮಿಷ!’ ಅಂತ ಕೂಗೋರು. ರಾತ್ರಿ ಎರಡು ಗಂಟೆಗೆ ವಾಪಸ್. ನಮಗೆ ಆಗ ಹದಿಮೂರು ಹದಿನಾಲ್ಕು ವರ್ಷ, ಸಂಜೆ ಕೂಡ ಓಡಾಡುವ ಶಕ್ತಿ ಇತ್ತು. ಮೇಷ್ಟ್ರದ್ದೂ ತಪ್ಪಿಲ್ಲ, ನಮ್ಮಲ್ಲಿ ಎಷ್ಟೋ ಜನಕ್ಕೆ ಮೈಸೂರು ನೋಡುವ ಅವಕಾಶ ಅದೊಂದೇ ದಿನ ಇದ್ದದ್ದು. ನೋಡಬೇಕಾದ್ದನ್ನೆಲ್ಲ ಒಂದೇ ದಿನದಲ್ಲಿ ತುರುಕಬೇಕಿತ್ತು. ನಮಗೆ ಆ ಅವಸರ ಯಾಕೆ? ಬೆಂಗಳೂರಿನಿಂದ ಮೈಸೂರು 140 ಕಿಲೋಮೀಟರ್ ಕೂಡ ಇಲ್ಲ. ಬೇಕಂದ್ರೆ ಮುಂದಿನ ತಿಂಗಳೂ ಬರಬಹುದು. ಇದು ಗೊತ್ತಿದ್ದೂ, ಯಾರೋ ಬಾಗಿಲಲ್ಲಿ ನಿಂತು ತಲೆ ಎಣಿಸ್ತಿದ್ದಾರೆ ಅನ್ನೋ ಥರ ನಾನು ಓಡ್ತಿದ್ದೆ.

ಭಾನುವಾರ ಬೆಳಗ್ಗೆ ಮೊದಲ ಕೆಲಸ, ಫೋನ್ ಸೈಲೆಂಟ್ ಮಾಡಿ ಹೆಂಡತಿಯ ಬ್ಯಾಗಿನ ಡೈಪರ್ ಕಟ್ಟಿನ ಕೆಳಗೆ ತುರುಕಿದ್ದು. ಅಲ್ಲಿಂದ ಅದನ್ನು ತೆಗೆಯೋಕೆ ಸ್ವಲ್ಪ ಶ್ರಮ ಬೇಕು, ಅದೇ ಉದ್ದೇಶ. ಆ ದಿನಕ್ಕೆ ಹೆಂಡತಿ ಒಂದೇ ನಿಯಮ ಮಾಡಿದಳು. ಊಟಕ್ಕೆ ಮುಂಚೆ ಒಂದು ಜಾಗ, ಊಟ ಆದ ಮೇಲೆ ನಿದ್ದೆ, ಸಂಜೆಗೆ ಆದರೆ ಒಂದು ಜಾಗ, ಆಗದಿದ್ದರೆ ಇಲ್ಲ.

ಜಾಗ ಯಾವುದು ಅಂತ ಪುಟ್ಟಿಯನ್ನು ಕೇಳಿದೆ. ‘ಯಾವ್ದೂ ಬೇಡ’ ಅಂದಳು, ನನ್ನ ಮುಖ ನೋಡದೆ. ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಹಾರ್ನ್ ಕೇಳಿಸ್ತು, ಚಿನ್ನು ಇಡ್ಲಿ ಬಿಟ್ಟು ‘ಚುಕುಬುಕು!’ ಅಂತ ಕಿಟಕಿಗೆ ಓಡಿದ. ನಿರ್ಧಾರ ಅವನು ಮಾಡಿದ.

ರೈಲ್ವೆ ಮ್ಯೂಸಿಯಂ ಗೊತ್ತಲ್ವಾ? ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗೆ. 1979ರಲ್ಲಿ ಶುರುವಾದದ್ದು, ದೆಹಲಿಯ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಬಿಟ್ಟರೆ ದೇಶದಲ್ಲಿ ಎರಡನೆಯದು. ನಮ್ಮ ಸ್ಕೂಲ್ ಟ್ರಿಪ್ಪಿನ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ನನ್ನ ಶೀಟಿನಲ್ಲೂ ಇರಲಿಲ್ಲ. ಹೋಟೆಲ್‌ನಿಂದ ನಡೆದೇ ಹೊರಟ್ವಿ. ದೊಡ್ಡವರ ಕಾಲಿಗೆ ಹತ್ತು ನಿಮಿಷದ ದಾರಿ, ನಮಗೆ ನಲವತ್ತು ನಿಮಿಷ ಹಿಡಿಯಿತು. ಯಾಕಂದ್ರೆ ದಾರಿಯಲ್ಲಿ ಒಂದು ಕಲ್ಲು ಬೆಂಚು ಇತ್ತು, ಅದರ ಮೇಲೆ ಹತ್ತಿ ಇಳಿಯಬೇಕು. ಒಂದು ನಾಯಿಮರಿ ಇತ್ತು. ಒಂದು ಕಡೆ ಇರುವೆಗಳು ಸತ್ತ ಜಿರಳೆಯನ್ನು ಹೊತ್ತುಕೊಂಡು ಹೋಗ್ತಿದ್ವು, ಆ ಮೆರವಣಿಗೆ ಗೋಡೆಯ ಸಂದಿ ಸೇರುವವರೆಗೂ ನಿಂತು ನೋಡಬೇಕು. ಒಂಬತ್ತೂವರೆಯ ಮೈಸೂರಿನ ಬಿಸಿಲು ಇನ್ನೂ ಎಳೆಯದು, ರಸ್ತೆ ಬದಿ ದೊಡ್ಡ ಮರಗಳ ನೆರಳು. ನಾನು ಎರಡು ಸಲ ಎಡಗೈ ತಿರುಗಿಸಿ ನೋಡಿದೆ. ವಾಚ್ ಕಟ್ಟಿರಲಿಲ್ಲ.

ಮ್ಯೂಸಿಯಂ ಒಳಗೆ ಹೋದ ತಕ್ಷಣ ಒಂದು ವ್ಯತ್ಯಾಸ ಗೊತ್ತಾಯ್ತು. ಅರಮನೆಯಲ್ಲಿ ಹಿಂದಿನ ದಿನ ನಾವು ಅತಿ ಹೆಚ್ಚು ಸಲ ಹೇಳಿದ ಮಾತು ‘ಮುಟ್ಟಬೇಡ’. ಇಲ್ಲಿ ಮುಟ್ಟೋದೇ ಕೆಲಸ. ಬಯಲಲ್ಲಿ ಹಳೆಯ ಉಗಿ ಎಂಜಿನ್‌ಗಳು ನಿಂತಿವೆ, ಕಪ್ಪಗೆ, ಮನೆಯಷ್ಟು ಎತ್ತರ. ಚಿನ್ನು ಒಂದು ಚಕ್ರದ ಮುಂದೆ ನಿಂತು ತಲೆ ಎತ್ತಿ ನೋಡಿದ. ಚಕ್ರ ಅವನಿಗಿಂತ ಎತ್ತರ ಇತ್ತು. ಎರಡೂ ಕೈಯಿಂದ ತಳ್ಳಿದ. ಎಂಜಿನ್ ಅಲ್ಲಾಡಲಿಲ್ಲ. ‘ಭಾರ’ ಅಂತ ನಮಗೆಲ್ಲ ವರದಿ ಕೊಟ್ಟು, ಮುಂದಿನ ಚಕ್ರ ತಳ್ಳೋಕೆ ಹೋದ. ಎಲ್ಲ ಚಕ್ರವನ್ನೂ ಪರೀಕ್ಷೆ ಮಾಡಿಯೇ ಬಿಟ್ಟ. ಟೆಸ್ಟಿಂಗ್ ಟೀಮಿನಲ್ಲಿ ಇಂಥವರೇ ಬೇಕು.

ಪುಟ್ಟಿ ಮೊದಲು ನನ್ನಿಂದ ದೂರ ದೂರವೇ ಇದ್ದಳು. ಅವಳಿಗೆ ನನ್ನ ಹತ್ತಿರ ಬರುವ ಅವಶ್ಯಕತೆ ಬಿದ್ದದ್ದು ಮಹಾರಾಣಿಯ ಸಲೂನ್ ಹತ್ತಿರ. 1899ರ ಬೋಗಿ ಅದು, ಮೈಸೂರು ಅರಮನೆಯವರು ಪ್ರಯಾಣಕ್ಕೆ ಬಳಸ್ತಿದ್ದದ್ದು. ಅಡುಗೆಮನೆ ಇದೆ, ಊಟದ ಜಾಗ ಇದೆ, ಮಲಗೋ ಕೋಣೆ ಇದೆ. ‘ರಾಣಿಗೆ ರೈಲಲ್ಲಿ ಸುಸು ಬಂದ್ರೆ?’ ಅಂತ ಕೇಳಿದಳು. ಅವರಮ್ಮ ಚಿನ್ನುವಿನ ಹಿಂದೆ ಓಡಿದ್ದಳು, ಹಾಗಾಗಿ ಪ್ರಶ್ನೆ ನನಗೇ. ಅದಕ್ಕೂ ವ್ಯವಸ್ಥೆ ಇತ್ತು, ರಾಣಿಯ ಸ್ವಂತ ಶೌಚಾಲಯ ಬೋಗಿಯೊಳಗೇ ಇದೆ ಅಂತ ತೋರಿಸಿದೆ. ಅವಳಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಅರಮನೆಯ ಚಿನ್ನದ ಅಂಬಾರಿ ನೋಡಿದಾಗಲೂ ಆ ಮುಖಭಾವ ಬಂದಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ‘ನಂಗೂ ಬಂದಿದೆ’ ಅಂದಳು. ರಾಣಿಯ ಪ್ರಶ್ನೆಯ ಮೂಲ ಅಲ್ಲಿತ್ತು. ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು: ಯಾವ ಜಾಗಕ್ಕೆ ಹೋದರೂ ಮೊದಲು ನೋಡಬೇಕಾದ ಪ್ರೇಕ್ಷಣೀಯ ಸ್ಥಳ ಟಾಯ್ಲೆಟ್. ಅದು ಎಲ್ಲಿದೆ ಅಂತ ಗೊತ್ತಿದ್ದರೆ ಉಳಿದದ್ದನ್ನು ನೆಮ್ಮದಿಯಿಂದ ನೋಡಬಹುದು.

ವಾಪಸ್ ಬರುವಾಗ ಹಳಿಗಳ ಹತ್ತಿರ ನಿಂತ್ವಿ. ನಾನು ಎಂಜಿನಿಯರಿಂಗ್ ಓದಿದವನು, ಹೇಳದೆ ಇರೋಕಾಗಲಿಲ್ಲ. ಬೆಂಗಳೂರು–ಮೈಸೂರು ಲೈನು ಮೊದಲು ಮೀಟರ್ ಗೇಜ್ ಇತ್ತು, ಎರಡು ಕಂಬಿಗಳ ಮಧ್ಯೆ ಸರಿಯಾಗಿ ಒಂದು ಮೀಟರ್. 1990ರ ದಶಕದಲ್ಲಿ ಅದನ್ನು ಬ್ರಾಡ್ ಗೇಜ್ ಮಾಡಿದ್ರು, 1.676 ಮೀಟರ್, ನಿನ್ನೆ ನಾವು ಬಂದ ರೈಲು ಆ ಅಗಲದ್ದು. ಅವಳು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ. ಕಂಬಿಯಿಂದ ಕಂಬಿಗೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಅಳೆದಳು. ಇನ್ನೊಂದು ಹಳಿಗೆ ಹೋಗಿ ಅಲ್ಲೂ ಅಳೆದಳು. ‘ಇದು ದಪ್ಪ ರೈಲಿಂದು’ ಅಂತ ತೀರ್ಪು ಕೊಟ್ಟಳು. ಮೂರನೇ ಹಳಿಗೆ ಹೋಗುವಾಗ ಬೀಳದಿರೋಕೆ ನನ್ನ ಬೆರಳು ಹಿಡಿದುಕೊಂಡಳು. ನಾನು ಗಮನಿಸದವನ ಹಾಗೆ ನಿಂತಿದ್ದೆ.

ಮಕ್ಕಳ ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೋದ್ವಿ. ಆಮೇಲೆ ಇನ್ನೊಂದು ಸುತ್ತು. ಮೂರನೆಯದಕ್ಕೆ ಚಿನ್ನು ಜೊತೆ ಹೆಂಡತಿ ಹೋದಳು, ಪುಟ್ಟಿ ‘ಸಾಕು’ ಅಂದಳು. ನಾವಿಬ್ಬರೂ ಮರದ ನೆರಳಲ್ಲಿ ಬೆಂಚಿನ ಮೇಲೆ ಕೂತ್ವಿ. ಮ್ಯೂಸಿಯಂ ಸ್ಟೇಷನ್ನಿಗೆ ಅಂಟಿಕೊಂಡೇ ಇರೋದರಿಂದ ನಿಜವಾದ ರೈಲುಗಳು ಓಡಾಡೋದು ಅಲ್ಲಿಂದ ಕಾಣುತ್ತೆ, ಕೇಳುತ್ತೆ. ಒಂದು ಕಡೆ ಎಷ್ಟೋ ವರ್ಷದಿಂದ ಸುಮ್ಮನೆ ನಿಂತ ರೈಲು, ಆ ಕಡೆ ಹೊರಡೋಕೆ ಅವಸರ ಪಡ್ತಿರುವ ರೈಲು.

ಅಲ್ಲಿ ಹೇಳಿದೆ. ‘ಪುಟ್ಟಿ, ನಿನ್ನೆ ಝೂನಲ್ಲಿ ನಾನು ಕಿರುಚಿದ್ದು ತಪ್ಪು. ಕೈ ಎಳೆದಿದ್ದೂ ತಪ್ಪು. ಸಾರಿ.’ ಹೇಳೋಕೆ ಮುಂಚೆ ತಲೆಯಲ್ಲಿ ಮೂರು ನಾಲ್ಕು ಸಲ ಬರೆದು ಅಳಿಸಿದ್ದೆ. ಮೊದಲ ಡ್ರಾಫ್ಟಿನಲ್ಲಿ ‘ಆದ್ರೆ ನೀನೂ ಹಠ ಮಾಡಿದೆ ಅಲ್ವಾ’ ಅಂತ ಒಂದು ಸಾಲು ಇತ್ತು. ಅದನ್ನು ತೆಗೆದೆ.

ನಮ್ಮಪ್ಪ ನನಗೆ ಯಾವತ್ತೂ ಸಾರಿ ಹೇಳಿದವರಲ್ಲ. ಬೈದ ರಾತ್ರಿ ಅಂಗಡಿಯಿಂದ ಬರುವಾಗ ಕಡಲೆ ಮಿಠಾಯಿ ತಂದು ಟೇಬಲ್ ಮೇಲೆ ಇಡೋರು, ಏನೂ ಮಾತಾಡದೆ. ನಮಗೆ ಅರ್ಥ ಆಗ್ತಿತ್ತು. ಆ ಭಾಷೆಯೂ ಕೆಟ್ಟದ್ದೇನಲ್ಲ. ಆದರೆ ಮಿಠಾಯಿ ತಿಂದ ಮೇಲೂ ನನ್ನದೇ ಏನೋ ತಪ್ಪು ಇತ್ತೇನೋ ಅನ್ನೋ ಅನುಮಾನ ಬಾಯಲ್ಲಿ ಉಳೀತಿತ್ತು.

ಪುಟ್ಟಿ ಸ್ವಲ್ಪ ಹೊತ್ತು ಕಾಲು ಆಡಿಸಿದಳು. ‘ಎಲ್ಲರ ಮುಂದೆ ಕಿರುಚಿದೆ’ ಅಂದಳು.

‘ಹೌದು.’

‘ಆ ಹಸಿರು ಡ್ರೆಸ್ ಹುಡುಗಿ ನಂಗೆ ನಕ್ಕಳು.’

ಆ ಹಸಿರು ಡ್ರೆಸ್ಸಿನ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ. ಇವಳಿಗೆ ಮಾತ್ರ ಇಡೀ ಝೂನಲ್ಲಿ ಜಿರಾಫೆ ಬಿಟ್ಟರೆ ನೆನಪು ಉಳಿದದ್ದು ಅದೇ. ಏನು ಹೇಳಬೇಕೋ ತೋಚದೆ ‘ಸಾರಿ’ ಅಂತ ಇನ್ನೊಂದು ಸಲ ಹೇಳಿದೆ. ‘ಸರಿ’ ಅಂದಳು. ಅಷ್ಟರಲ್ಲಿ ಆ ಕಡೆ ಒಂದು ರೈಲು ನಿಧಾನಕ್ಕೆ ಹೊರಟಿತು. ಅವಳು ಬೆಂಚಿನ ಮೇಲೆ ಹತ್ತಿ ನಿಂತು ‘ಟಾಟಾ ಮಾಡು, ಟಾಟಾ ಮಾಡು, ಹೋಗ್ತಿದೆ!’ ಅಂತ ನನ್ನ ತಲೆ ಮೇಲೆ ಬಡಿದಳು. ಇಬ್ಬರೂ ಟಾಟಾ ಮಾಡಿದ್ವಿ. ಕೊನೆಯ ಬೋಗಿಯಿಂದ ಗಾರ್ಡ್ ಕೈ ಬೀಸಿದರು. ನಮಗೇ ಬೀಸಿದ್ರಾ, ಹಸಿರು ಬಾವುಟ ಸರಿ ಮಾಡಿಕೊಂಡ್ರಾ ನನಗೆ ಸರಿಯಾಗಿ ಕಾಣಲಿಲ್ಲ. ಪುಟ್ಟಿ ಪ್ರಕಾರ ನಮಗೇ.

ಹನ್ನೆರಡಕ್ಕೆ ಮ್ಯೂಸಿಯಂ ಬಿಟ್ಟು, ಹತ್ತಿರದ ಹೋಟೆಲ್ಲೊಂದರಲ್ಲಿ ಅನ್ನ ಸಾರು, ಹಪ್ಪಳ, ಮೊಸರನ್ನ. ನಜರಬಾದಿನ ಮೈಲಾರಿ ದೋಸೆ ತಿನ್ನಲೇಬೇಕು ಅನ್ನೋದು ನನ್ನ ಶೀಟಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ಹತ್ತಿಯಂಥ ದೋಸೆ, ಮೇಲೆ ಬೆಣ್ಣೆ, ಒಳಗೆ ಸಾಗು. ಬರೆಯುವಾಗಲೂ ಬಾಯಲ್ಲಿ ನೀರು ಬರ್ತಿದೆ. ಹೋಗಲಿಲ್ಲ. ಹಸಿದ ಎರಡೂವರೆ ವರ್ಷದವನನ್ನು ಆಟೋದಲ್ಲಿ ಊರ ಆ ತುದಿಗೆ ಕರೆದುಕೊಂಡು ಹೋಗಿ, ಭಾನುವಾರದ ಸಾಲಿನಲ್ಲಿ ನಿಲ್ಲಿಸುವ ಧೈರ್ಯ ನಮಗಿರಲಿಲ್ಲ. ಮೈಲಾರಿ ಎಲ್ಲೂ ಓಡಿ ಹೋಗಲ್ಲ.

ಒಂದು ಗಂಟೆಗೆ ರೂಮಿಗೆ ವಾಪಸ್. ಈ ಮಧ್ಯಾಹ್ನದ ಬಗ್ಗೆ ಸ್ವಲ್ಪ ಉದ್ದ ಬರೀಬೇಕು, ಯಾಕಂದ್ರೆ ಇಡೀ ದಿನ ಉಳಿದದ್ದು ಇಲ್ಲಿ. ಪ್ರವಾಸಕ್ಕೆ ಬಂದು ಮಧ್ಯಾಹ್ನ ಮಲಗೋದು ಅಂದ್ರೆ ನನಗೆ ಮೊದಲಿನಿಂದ ದುಡ್ಡು ಹಾಳು ಅನ್ನಿಸ್ತಿತ್ತು. ಮಲಗೋಕೆ ಮೈಸೂರಿಗೆ ಬರಬೇಕಾ, ಮನೆಯಲ್ಲೇ ಮಂಚ ಇಲ್ವಾ ಅಂತ. ಆದರೆ ಲೆಕ್ಕ ಹಾಕಿ ನೋಡಿ. ಮಗು ಮಧ್ಯಾಹ್ನ ನಿದ್ದೆ ತಪ್ಪಿಸಿದ್ರೆ ಅದರ ಬಿಲ್ಲು ಸಂಜೆ ಐದಕ್ಕೆ ಬರುತ್ತೆ, ಬಡ್ಡಿ ಸಮೇತ. ಕಟ್ಟೋರು ಅಪ್ಪ ಅಮ್ಮ. ಶನಿವಾರ ನಾವು ಕಟ್ಟಿದ್ದು ಅದನ್ನೇ. ಹಾಗಾಗಿ ಚಿಕ್ಕ ಮಕ್ಕಳಿರುವವರು ಹೋಟೆಲ್ ಹುಡುಕುವಾಗ ಸ್ವಿಮ್ಮಿಂಗ್ ಪೂಲ್, ಬಫೆ ಬ್ರೇಕ್‌ಫಾಸ್ಟ್ ನೋಡೋದಕ್ಕಿಂತ, ಮಧ್ಯಾಹ್ನ ಹದಿನೈದು ನಿಮಿಷದಲ್ಲಿ ವಾಪಸ್ ಬಂದು ಬೀಳೋಕೆ ಆಗುತ್ತಾ ಅಂತ ನೋಡಿ. ಊರ ಹೊರಗಿನ ರೆಸಾರ್ಟ್ ಫೋಟೋದಲ್ಲಿ ಚೆನ್ನಾಗಿರುತ್ತೆ, ಆದ್ರೆ ಅಲ್ಲಿಗೆ ಒಂದು ಸಲ ಹೊರಟರೆ ಮತ್ತೆ ರಾತ್ರಿಯೇ ವಾಪಸ್.

ಫ್ಯಾನ್ ತಿರುಗ್ತಿತ್ತು. ಪರದೆ ಎಳೆದಿದ್ವಿ. ಚಿನ್ನು ಐದು ನಿಮಿಷಕ್ಕೆ ನಿದ್ದೆ, ಬಾಯಿ ತೆರೆದು. ಪುಟ್ಟಿ ‘ನಂಗೆ ನಿದ್ದೆ ಬರಲ್ಲ’ ಅಂತ ಹೇಳ್ತಾ ಹೇಳ್ತಾ ಮಲಗಿದಳು. ನಾನು, ಹೆಂಡತಿ ನೆಲದ ಮೇಲೆ ಕೂತು ಪಿಸುದನಿಯಲ್ಲಿ ಮಾತಾಡಿದ್ವಿ. ಮದುವೆಯಾದ ಹೊಸದರಲ್ಲಿ ಇಂಥ ಮಧ್ಯಾಹ್ನಗಳು ಬಹಳ ಇದ್ವು. ಈಗ ನಮ್ಮ ಮಾತೆಲ್ಲ ‘ಹಾಲು ತಂದ್ಯಾ’, ‘ಫೀಸ್ ಕಟ್ಟಿದ್ಯಾ’, ‘ನಾಳೆ ನಿಂಗೆ ಎಷ್ಟೊತ್ತಿಗೆ ಕಾಲ್’. ಅವಳು ಮುಂದಿನ ತಿಂಗಳು ಮತ್ತೆ ಕೆಲಸಕ್ಕೆ ಸೇರ್ತಿದ್ದಾಳೆ, ಎರಡೂವರೆ ವರ್ಷದ ಗ್ಯಾಪ್ ಆದ ಮೇಲೆ. ಅವಳಿಗೆ ಭಯ ಇದೆ ಅಂತ ನನಗೆ ಗೊತ್ತಾಗಿದ್ದು ಆ ಮಧ್ಯಾಹ್ನ. ‘ನಾನು ಹೋದ ಮೇಲೆ ಸಂಜೆ ಇವರಿಬ್ಬರನ್ನ ನೀನು ನೋಡ್ಕೋಬೇಕು ವಾರಕ್ಕೆ ಮೂರು ದಿನ. ನಿನ್ನೆ ಥರ ಇರ್ತೀಯಾ, ಇವತ್ತಿನ ಥರ ಇರ್ತೀಯಾ?’ ಅಂತ ಕೇಳಿದಳು. ವ್ಯಂಗ್ಯ ಅಲ್ಲ, ನಿಜವಾಗಿ ಕೇಳಿದ್ದು. ನಿನ್ನೆಯ ಹೆಬ್ಬೆರಳಿನ ಹಿಂದೆ ಇದ್ದದ್ದೂ ಈ ಪ್ರಶ್ನೆಯೇ ಇರಬೇಕು. ನಾನು ಅವಳಿಗೆ ಸುಲಭದ ಮಾತು ಕೊಡಲಿಲ್ಲ. ‘ವಾಚ್ ಬಿಚ್ಚಿಟ್ಟು ಬರ್ತೀನಿ’ ಅಂದೆ. ಅವಳು ನಕ್ಕಳು, ಆದರೆ ಪ್ರಶ್ನೆಯನ್ನು ವಾಪಸ್ ತಗೊಳ್ಳಲಿಲ್ಲ.

ನಾನೂ ಯಾವಾಗಲೋ ನಿದ್ದೆ ಹೋಗಿದ್ದೆ. ಎದ್ದಾಗ ನಾಲ್ಕು ಗಂಟೆ, ಚಿನ್ನು ನನ್ನ ಹೊಟ್ಟೆ ಮೇಲೆ ಕೂತಿದ್ದ.

ಸಂಜೆ ಮೊದಲು ಹತ್ತಿರದ ಚೆಲುವಾಂಬ ಪಾರ್ಕಿಗೆ ಹೋದ್ವಿ. ವಿಶೇಷ ಏನೂ ಮಾಡಲಿಲ್ಲ. ಹುಲ್ಲು, ಮರ, ವಾಕಿಂಗ್ ಮಾಡುವ ಹಿರಿಯರು, ಕಡಲೆಕಾಯಿ. ಅಲ್ಲೇ ಪಕ್ಕದಲ್ಲಿ ಮೈಸೂರು ಆಕಾಶವಾಣಿ. ‘ಆಕಾಶವಾಣಿ’ ಅನ್ನೋ ಹೆಸರೇ ಈ ಊರಿಂದ ಹೋದದ್ದು, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು ಅಂತ ಹೆಂಡತಿಗೆ ಹೇಳಿದೆ. ‘ಮಕ್ಕಳಿಗೆ ಗೇಜು, ನನಗೆ ರೇಡಿಯೋ’ ಅಂದಳು. ಆರ್.ಕೆ. ನಾರಾಯಣ್ ಅವರ ಮನೆಯೂ ಯಾದವಗಿರಿಯಲ್ಲೇ ಇದೆ, ಈಗ ಮ್ಯೂಸಿಯಂ ಮಾಡಿದ್ದಾರೆ. ಹೋಗಬೇಕು ಅನ್ನೋ ಆಸೆ ಇತ್ತು. ಆದರೆ ‘ಸಂಜೆಗೆ ಒಂದೇ ಜಾಗ’ದ ಕೋಟಾ ಅರಮನೆಯ ದೀಪಕ್ಕೆ ಅಂತ ಆಗಲೇ ಪುಟ್ಟಿ ತೀರ್ಮಾನ ಮಾಡಿದ್ದಳು. ಹೋಟೆಲ್ ರಿಸೆಪ್ಷನ್‌ನಲ್ಲಿ ಫೋಟೋ ನೋಡಿದ್ದಳಂತೆ.

ಭಾನುವಾರ ಮತ್ತೆ ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಆರೂವರೆಗೇ ಇಬ್ಬರಿಗೂ ಇಡ್ಲಿ ತಿನ್ನಿಸಿ ಆಟೋ ಹತ್ತಿದ್ವಿ. ಜನ ಎಲ್ಲ ಮುಂದೆ ನುಗ್ತಾರೆ. ನಾವು ಹಿಂದೆ, ಗೋಡೆ ಕಡೆ, ಸ್ವಲ್ಪ ಖಾಲಿ ಇದ್ದ ಕಡೆ ನಿಂತ್ವಿ. ಅದು ಎಷ್ಟು ಒಳ್ಳೇದು ಅಂದ್ರೆ, ದೂರದಿಂದ ಅರಮನೆ ಇಡಿಯಾಗಿ ಕಾಣುತ್ತೆ, ಮಕ್ಕಳು ಓಡಾಡಬಹುದು, ಬೇಕಾದಾಗ ಹೊರಡಬಹುದು. ಕತ್ತಲಾಗ್ತಾ ಬಂತು. ಚಿನ್ನು ನನ್ನ ಹೆಗಲ ಮೇಲೆ, ಪುಟ್ಟಿ ಮುಂದೆ.

‘ಹಳೇ ಅರಮನೆ ಮರದ್ದು, 1897ರಲ್ಲಿ ಸುಟ್ಟು ಹೋಯ್ತು, ಮದುವೆ ಮನೆಯಲ್ಲಿ’ ಅಂದೆ. ಬಾಯಿ ಸುಮ್ಮನಿರಲ್ಲ.

‘ಯಾರ ಮದುವೆ?’

‘ರಾಜಕುಮಾರಿದು.’

‘ಆಮೇಲೆ ಮದುವೆ ಆಯ್ತಾ?’

ಹೆನ್ರಿ ಇರ್ವಿನ್, 1912ರಲ್ಲಿ ಹೊಸ ಅರಮನೆ ಪೂರ್ತಿಯಾಗಿದ್ದು ಇದೆಲ್ಲ ನಾಲಿಗೆ ತುದಿಯಲ್ಲಿತ್ತು. ಅವಳಿಗೆ ಬೇಕಾಗಿದ್ದು ಅದಲ್ಲ. ‘ಆಯ್ತು ಪುಟ್ಟಿ, ಮದುವೆ ಆಯ್ತು’ ಅಂದೆ.

‘ಸ್ವಿಚ್ ಎಲ್ಲಿದೆ?’ ಅಂತ ಮುಂದಿನ ಪ್ರಶ್ನೆ. ಯಾರು ಹಾಕ್ತಾರೆ, ಒಂದೇ ಸ್ವಿಚ್ಚಾ, ಅವರಿಗೆ ಕೈ ನೋಯಲ್ವಾ. ನಾನು ಕರೆಂಟಿನ ಕಥೆ, ಶಿವನಸಮುದ್ರ, 1902 ಅಂತ ಬಾಯಿ ತೆಗೆಯೋ ಹೊತ್ತಿಗೆ ಅರಮನೆ ಹೊತ್ತಿಕೊಂಡಿತು. ಒಂದೇ ಸಲ, ಕಣ್ಣು ಮಿಟುಕಿಸುವಷ್ಟರಲ್ಲಿ. ಕತ್ತಲಲ್ಲಿ ಕಮಾನು, ಗೋಪುರ, ಗುಮ್ಮಟದ ಗೆರೆಗಳು ಮಾತ್ರ, ಯಾರೋ ಬೆಳಕಿನ ಪೆನ್ಸಿಲ್‌ನಲ್ಲಿ ಬರೆದ ಹಾಗೆ. ಇಡೀ ಅಂಗಳದಿಂದ ‘ಓ...’ ಅಂತ ಒಂದು ಶಬ್ದ ಎದ್ದಿತು. ಎಲ್ಲರ ಫೋನ್ ಮೇಲಕ್ಕೆ ಹೋದವು. ನನ್ನ ಕೈ ಕೂಡ ಜೇಬಿಗೆ ಹೋಯ್ತು, ಅಲ್ಲಿ ಏನೂ ಇರಲಿಲ್ಲ. ಹಾಗಾಗಿ ಆ ಕ್ಷಣದ ಫೋಟೋ ನಮ್ಮ ಹತ್ತಿರ ಇಲ್ಲ. ಚಿನ್ನು ನನ್ನ ಕಿವಿಗಳನ್ನು ಎರಡು ಹ್ಯಾಂಡಲ್ ಥರ ಬಿಗಿಯಾಗಿ ಹಿಡಿದಿದ್ದ, ಅದು ನೆನಪಿದೆ.

ಹತ್ತು ನಿಮಿಷ ನೋಡಿದ್ವಿ. ‘ಮನೆಗೆ ಹೋಗೋಣ’ ಅಂದ ಚಿನ್ನು. ಹೋಟೆಲ್ ರೂಮನ್ನು ಅವನು ಆಗಲೇ ಮನೆ ಮಾಡಿಕೊಂಡಿದ್ದ. ದೀಪ ಆರಿಸೋದರೊಳಗೇ ಹೊರಟ್ವಿ, ಹಾಗಾಗಿ ಗೇಟಿನಲ್ಲಿ ನೂಕುನುಗ್ಗಲು ಇರಲಿಲ್ಲ, ಆಟೋ ಕೂಡ ತಕ್ಷಣ ಸಿಕ್ಕಿತು. ದಾರಿಯಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಆಟೋ ನಿಲ್ಲಿಸಿ ಅರ್ಧ ಕೆಜಿ ಮೈಸೂರು ಪಾಕ್. ಅರಮನೆ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿ ಅಂತಾರಲ್ಲ, ಅವರ ಮನೆತನದವರ ಅಂಗಡಿಯದ್ದೇ. ಒಂದು ತುಂಡು ಮುರಿದು ಪುಟ್ಟಿಗೆ ಕೊಡೋಕೆ ಹೋದವನು ಅಪ್ಪನ ಕಡಲೆ ಮಿಠಾಯಿ ನೆನಪಾಗಿ ಒಂದು ಕ್ಷಣ ನಿಂತೆ. ಆಮೇಲೆ ಕೊಟ್ಟೆ. ಸಾರಿ ಆಗಲೇ ಹೇಳಿ ಆಗಿತ್ತಲ್ಲ, ಇದು ಬರೀ ಸಿಹಿ.

ಸೋಮವಾರ ವಾಪಸ್ ಬರುವ ರೈಲಿನಲ್ಲಿ, ಮದ್ದೂರು ದಾಟಿದ ಮೇಲೆ, ನಮ್ಮಮ್ಮ ಫೋನ್ ಮಾಡಿದ್ರು. ಕೈಯಲ್ಲಿ ವಡೆ ಹಿಡಿದಿದ್ದ ಪುಟ್ಟಿಗೆ ಸ್ಪೀಕರ್ ಹಾಕಿ ಕೊಟ್ಟೆ. ‘ಏನೇನು ನೋಡಿದೆ ಬಂಗಾರಿ ಮೈಸೂರಲ್ಲಿ?’ ಅಂತ ಅಜ್ಜಿ ಕೇಳಿದ್ರು. ಪುಟ್ಟಿ ಬೆರಳು ಮಡಿಚಿ ಲೆಕ್ಕ ಹಾಕಿದಳು.

‘ಜಿರಾಫೆ ನಾಲಿಗೆ ನೀಲಿ ಅಜ್ಜಿ. ಇರುವೆ ಜಿರಳೇನ ಹೊತ್ಕೊಂಡು ಹೋಯ್ತು. ರಾಣಿ ಟಾಯ್ಲೆಟ್ ರೈಲಲ್ಲೇ ಇದೆ. ಗಾರ್ಡ್ ಅಂಕಲ್ ನಂಗೆ ಟಾಟಾ ಮಾಡಿದ್ರು. ಆಮೇಲೆ...’ ಅಂತ ನನ್ನ ಕಡೆ ಒಂದು ಸಲ ನೋಡಿ, ‘ಅಪ್ಪ ಒಂದು ದಿನ ಬೈದ್ರು, ಒಂದು ದಿನ ಬೈಲಿಲ್ಲ’ ಅಂದಳು.

‘ಅರಮನೆ ನೋಡ್ಲಿಲ್ವಾ?’ ಅಂದ್ರು ಅಜ್ಜಿ.

‘ನೋಡಿದ್ವಿ. ಸ್ವಿಚ್ ಸಿಗ್ಲಿಲ್ಲ.’